ಪುಡಿ ನಿಲ್ಲಬೇಕು, ಬೆಳಕೂ ಉಳಿಯಬೇಕು: ಸಾಫ್ಟ್ ಪೇಸ್ಟಲ್‌ನ ಸಾಮಗ್ರಿ, ಕ್ರಮ ಮತ್ತು ಬಾಳಿಕೆ

ಸಾಫ್ಟ್ ಪೇಸ್ಟಲ್‌ನಲ್ಲಿ ಚಿತ್ರ ಬರೆಯುವವರಿಗೆ ನೋಡುಗರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಕೈ ತಾಗಿದರೆ ಅಳಿಸಿಹೋಗುವುದಿಲ್ಲವೇ?’ ಪ್ರಶ್ನೆ ಸರಿಯಾದದ್ದೇ. ತೈಲವರ್ಣ ಒಣಗಿ ಗಟ್ಟಿಯಾಗುತ್ತದೆ, ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಪದರವಾಗುತ್ತದೆ, ಜಲವರ್ಣ ಕಾಗದದ ನಾರಿನೊಳಗೆ ಇಳಿಯುತ್ತದೆ. ಪೇಸ್ಟಲ್ ಮಾತ್ರ ಕೊನೆಯವರೆಗೂ ಪುಡಿಯಾಗಿಯೇ ಇರುತ್ತದೆ. ಮುಗಿದ ಚಿತ್ರದ ಮೇಲೆ ಬೆರಳಾಡಿಸಿದರೆ ಬಣ್ಣ ಬೆರಳಿಗೆ ಬರುತ್ತದೆ. ಹೀಗಿದ್ದರೂ ಹದಿನೆಂಟನೆಯ ಶತಮಾನದ ಪೇಸ್ಟಲ್ ಭಾವಚಿತ್ರಗಳು ಯುರೋಪಿನ ಸಂಗ್ರಹಾಲಯಗಳಲ್ಲಿ ಇವತ್ತಿಗೂ ತಾಜಾ ಕಾಣುತ್ತವೆ. ಅದೇ ಕಾಲದ ಎಷ್ಟೋ ತೈಲಚಿತ್ರಗಳು ಎಣ್ಣೆ, ವಾರ್ನಿಷ್ ಹಳದಿಗಟ್ಟಿ, ಮೈ ಬಿರುಕು ಬಿಟ್ಟು, ಹಲವು ಸಲ ದುರಸ್ತಿ ಮಾಡಿಸಿಕೊಂಡಿವೆ.

ಮುಟ್ಟಿದರೆ ಅಳಿಸುವ ಚಿತ್ರ ಮುನ್ನೂರು ವರ್ಷ ಬಾಳಿದ್ದು ಹೇಗೆ? ಪೇಸ್ಟಲ್‌ನ ಸಾಮಗ್ರಿ, ಕೆಲಸದ ಕ್ರಮ, ವಾದವಿವಾದ ಎಲ್ಲವೂ ಈ ಪ್ರಶ್ನೆಯ ಸುತ್ತಲೇ ಬೆಳೆದಿವೆ. ಕಡ್ಡಿಯಲ್ಲಿ ಅಂಟು ಕಡಿಮೆ ಇರುವುದೇ ಅದರ ದೌರ್ಬಲ್ಯಕ್ಕೂ ಸೊಗಸಿಗೂ ಕಾರಣ. ಅಂಟು ಹೆಚ್ಚಿಸಿದರೆ ಪುಡಿ ನಿಲ್ಲುತ್ತದೆ, ಬೆಳಕು ಹೋಗುತ್ತದೆ. ಆದ್ದರಿಂದ ಒಳ್ಳೆಯ ಪೇಸ್ಟಲ್ ಕಲಾವಿದರು ಅಂಟನ್ನು ಬಿಟ್ಟು ಬೇರೆ ಮೂರನ್ನು ನಂಬಿದರು: ಕಾಗದದ ಒರಟುತನ, ಕೈಯ ಸಂಯಮ, ಚಿತ್ರದ ಮುಂದಿನ ಗಾಜು. ಈ ಮಾಧ್ಯಮದ ಇತಿಹಾಸವನ್ನು ಹೇಗೆ ನೋಡಿದರೂ ನನಗೆ ಸಿಗುವ ಪಾಠ ಇದೇ.

ಕಡ್ಡಿಯೊಳಗೆ ಇರುವುದೇನು

ನಮ್ಮ ಊರುಗಳ ಸ್ಟೇಷನರಿ ಅಂಗಡಿಯಲ್ಲಿ ‘ಪೇಸ್ಟಲ್ ಕೊಡಿ’ ಎಂದರೆ ಸಿಗುವುದು ಆಯಿಲ್ ಪೇಸ್ಟಲ್. ಅದು ಬೇರೆಯೇ ವಸ್ತು. ಮೇಣ ಮತ್ತು ಎಣ್ಣೆಯಲ್ಲಿ ಬಣ್ಣ ಕಲಸಿ ಮಾಡುವ ಅದನ್ನು 1920ರ ದಶಕದಲ್ಲಿ ಜಪಾನಿನ ಸಕುರಾ ಕಂಪನಿ ಶಾಲಾ ಮಕ್ಕಳಿಗೆಂದು ತಂದಿತು. ಪಿಕಾಸೊ ಬಳಕೆಗೆಂದು ಪ್ಯಾರಿಸ್ಸಿನ ಸೆನೆಲಿಯೆ ಅಂಗಡಿ ಕಲಾವಿದರ ದರ್ಜೆಯ ಆಯಿಲ್ ಪೇಸ್ಟಲ್ ಮಾಡಿಕೊಟ್ಟದ್ದು 1949ರಲ್ಲಿ. ಅದರ ಗೆರೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಸಾಫ್ಟ್ ಪೇಸ್ಟಲ್ ಪೂರ್ತಿ ಒಣ ಮಾಧ್ಯಮ.

ಸಾಫ್ಟ್ ಪೇಸ್ಟಲ್ ಕಡ್ಡಿಯಲ್ಲಿ ಇರುವುದು ಮೂರೇ ವಸ್ತು. ಮೊದಲನೆಯದು ವರ್ಣದ್ರವ್ಯದ ಪುಡಿ; ತೈಲವರ್ಣದ ಟ್ಯೂಬಿನಲ್ಲಿ, ಜಲವರ್ಣದ ಬಿಲ್ಲೆಯಲ್ಲಿ ಇರುವ ಪುಡಿಯೇ ಇದು. ಎರಡನೆಯದು ಬಣ್ಣವನ್ನು ತಿಳಿಯಾಗಿಸುವ, ಕಡ್ಡಿಗೆ ಮೈ ಕೊಡುವ ಬಿಳಿ ಪುಡಿ: ಸೀಮೆಸುಣ್ಣ, ಜಿಪ್ಸಮ್ ಅಥವಾ ಚೀನಾ ಮಣ್ಣು. ಮೂರನೆಯದು ಇವನ್ನು ಒಟ್ಟಿಗೆ ಹಿಡಿದಿಡುವಷ್ಟು ಮಾತ್ರ ಅಂಟು. ಹಿಂದಿನಿಂದ ಬಂದ ಅಂಟು ಟ್ರಾಗಕಾಂತ್. ಇರಾನ್, ತುರ್ಕಿ ಕಡೆಯ ಮುಳ್ಳುಪೊದೆಗಳಿಂದ ಒಸರುವ ಗೋಂದು. ನಮ್ಮಲ್ಲಿ ಗ್ರಂಥಿಗೆ ಅಂಗಡಿಗಳಲ್ಲಿ ಗೊಂದ್ ಕತೀರಾ ಎಂದು ಕೇಳಿದರೆ ಸಿಗುತ್ತದೆ, ಆದರೆ ಆ ಹೆಸರಿನಲ್ಲಿ ಮಾರುವುದೆಲ್ಲ ಅದೇ ಗಿಡದ್ದಲ್ಲ. ಈಗ ಮೀಥೈಲ್ ಸೆಲ್ಯುಲೋಸ್ ಬಳಸುವವರೂ ಇದ್ದಾರೆ.

ಕಡ್ಡಿ ಮಾಡುವ ಕೆಲಸವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ನೂರು ಮಿಲಿಲೀಟರ್ ನೀರಿಗೆ ಎರಡು ಮೂರು ಗ್ರಾಂ ಗೋಂದು ಹಾಕಿ ರಾತ್ರಿಯಿಡೀ ನೆನೆಸಿದರೆ ಬೆಳಗಾಗುವಷ್ಟರಲ್ಲಿ ಉಬ್ಬಿ ಲೋಳೆಯಾಗಿರುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಮತ್ತಷ್ಟು ನೀರು ಬೆರೆಸಿ ತೆಳು ಮಾಡಿಕೊಳ್ಳಬೇಕು. ದಪ್ಪ ಗಾಜಿನ ಮೇಲೆ ಜಾಲಿಸಿದ ಕೆಮ್ಮಣ್ಣಿನ ನುಣ್ಣನೆಯ ಪುಡಿ ಹರವಿ, ಲೋಳೆನೀರನ್ನು ಚೂರು ಚೂರೇ ಹಾಕುತ್ತ ಕಲಸಿದರೆ ಸ್ವಲ್ಪ ಹೊತ್ತಿಗೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ಅಂಗೈಯಲ್ಲಿ ಹೊಸೆದು ಬೆರಳುದ್ದದ ಕಡ್ಡಿ ಮಾಡಿ ಹಳೇ ಪೇಪರಿನ ಮೇಲೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಒಣಗಿದ ಕಡ್ಡಿ ಕಾಗದವನ್ನು ಗೀರಿ ಬಣ್ಣ ಬಿಡದೆ ಜಾರಿದರೆ ಅಂಟು ಹೆಚ್ಚಾಗಿದೆ. ಹಿಡಿದ ಕೈಯಲ್ಲೇ ಉದುರಿದರೆ ಕಡಿಮೆಯಾಗಿದೆ. ಕಲಸಿದ ಮುದ್ದೆಯಲ್ಲಿ ಅರ್ಧ ತೆಗೆದು ಅಷ್ಟೇ ಸೀಮೆಸುಣ್ಣದ ಮುದ್ದೆ ಸೇರಿಸಿದರೆ ಒಂದು ತಿಳಿ ಛಾಯೆ. ಅದರಲ್ಲೂ ಅರ್ಧ ತೆಗೆದು ಮತ್ತೆ ಸೇರಿಸಿದರೆ ಇನ್ನೊಂದು. ಹೀಗೆ ಒಂದೇ ಮಣ್ಣಿನಿಂದ ಐದಾರು ಛಾಯೆಗಳ ಸಾಲು ಸಿದ್ಧವಾಗುತ್ತದೆ.

ಎಲ್ಲ ಬಣ್ಣಕ್ಕೂ ಒಂದೇ ಅಳತೆಯ ಅಂಟು ಹೊಂದುವುದಿಲ್ಲ. ಜೇಡಿ ಅಂಶವಿರುವ ಮಣ್ಣುಬಣ್ಣಗಳಿಗೆ ಬಹಳ ಕಡಿಮೆ ಸಾಕು. ಅವು ಬರೀ ನೀರಿನಲ್ಲೂ ಒಂದು ಮಟ್ಟಿಗೆ ಕೂಡಿಕೊಳ್ಳುತ್ತವೆ. ಪ್ರಶ್ಯನ್ ನೀಲಿ ತಾನಾಗಿಯೇ ಗಟ್ಟಿ ಕಡ್ಡಿಯಾಗಿಬಿಡುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಹದ ಕಂಡುಕೊಂಡು, ಪೆಟ್ಟಿಗೆಯ ಎಲ್ಲ ಕಡ್ಡಿಗಳೂ ಕಾಗದದ ಮೇಲೆ ಒಂದೇ ಮೆದುವಾಗಿ ಓಡುವಂತೆ ಮಾಡುವುದರಲ್ಲಿ ತಯಾರಕರ ಜಾಣ್ಮೆ ಇದೆ. ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಸ್ತುಪಾಂ ಎಂಬಾತನ ಕಡ್ಡಿಗಳಿಗೆ ಯುರೋಪಿನ ಕಲಾವಿದರು ಮುಗಿಬೀಳುತ್ತಿದ್ದದ್ದು ಇದಕ್ಕಾಗಿ.

ಅಂಟು ಕಡಿಮೆಯಾದರೆ ಬೆಳಕು ಹೆಚ್ಚುವುದು ಏಕೆ ಎಂಬುದಕ್ಕೆ ಸೀಮೆಸುಣ್ಣವೇ ಸಾಕ್ಷಿ. ಒಣ ಸೀಮೆಸುಣ್ಣ ಅಚ್ಚ ಬಿಳಿ. ಅದನ್ನೇ ಅಗಸೆ ಎಣ್ಣೆಯಲ್ಲಿ ಕಲಸಿದರೆ ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿಯ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಸೀಮೆಸುಣ್ಣದ ಕಣ ಮತ್ತು ಗಾಳಿ, ಇವೆರಡೂ ಬೆಳಕನ್ನು ಬಾಗಿಸುವ ಪ್ರಮಾಣದಲ್ಲಿ ತುಂಬ ಅಂತರವಿದೆ. ಆದ್ದರಿಂದ ಬೆಳಕು ಕಣದ ಅಂಚುಗಳಲ್ಲಿ ಚದುರಿ ಹೊರಗೆ ಬರುತ್ತದೆ. ಕಣಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಆ ಅಂತರ ಕುಗ್ಗುತ್ತದೆ, ಬೆಳಕು ಚದುರದೆ ಒಳಗೆ ಇಳಿಯುತ್ತದೆ, ಬಿಳಿ ಮಂಕಾಗುತ್ತದೆ. ಪೇಸ್ಟಲ್ ಚಿತ್ರದಲ್ಲಿ ಕಣಗಳ ನಡುವೆ ಗಾಳಿ ಇದೆ. ಮಖಮಲ್ಲಿನಂಥ ಆ ಮೈಗೆ, ಪಕ್ಕದಿಂದ ನೋಡಿದರೂ ಮಿರುಗದೆ ಬಣ್ಣವಾಗಿಯೇ ಕಾಣುವ ಗುಣಕ್ಕೆ ಕಾರಣ ಅದು. ಪುಡಿಯನ್ನು ಅಂಟಿಸಿ ನಿಲ್ಲಿಸುವ ಫಿಕ್ಸೆಟಿವ್ ಬಗ್ಗೆ ಮುಂದೆ ಬರುವ ಜಗಳದ ಮೂಲವೂ ಅಲ್ಲಿದೆ.

ಮುನ್ನೂರು ವರ್ಷದ ಹಾದಿ

ಬಣ್ಣವನ್ನು ಅಂಟಿನಲ್ಲಿ ಕಲಸಿ ಕಡ್ಡಿ ಮಾಡಿ ಬರೆಯುವ ಯೋಚನೆ ಒಂದೇ ನಾಡಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ ಚಿತ್ರಕಲೆಯ ಭಾಗದಲ್ಲಿ ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಂದಿಗೆ ಅರೆದು ಬತ್ತಿಯಾಗಿ ಹೊಸೆದು ಒಣಗಿಸುವ ವರ್ತಿಕೆಯ ವಿವರ ಬರುತ್ತದೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಹಾಕುತ್ತಿದ್ದರು. ಆದರೆ ಇವೆಲ್ಲ ರೇಖಾವಿನ್ಯಾಸಕ್ಕೆ ಮಾತ್ರ. ಮೇಲೆ ಬಣ್ಣ ಬಂದ ಮೇಲೆ ಮರೆಯಾಗುತ್ತಿದ್ದವು. ಒಣ ಬಣ್ಣವನ್ನೇ ಪೂರ್ಣ ಚಿತ್ರವಾಗಿಸುವ ಸಾಹಸ ನಡೆದದ್ದು ಯುರೋಪಿನಲ್ಲಿ. 1499ರಲ್ಲಿ ಫ್ರೆಂಚ್ ದೊರೆಯ ಜೊತೆ ಮಿಲಾನಿಗೆ ಬಂದ ಜಾನ್ ಪೆರೆಆಲ್‌ನಿಂದ ಒಣ ಬಣ್ಣ ಹಾಕುವ ಕ್ರಮ ತಿಳಿದುಕೊಳ್ಳಬೇಕೆಂದು ಲಿಯೊನಾರ್ಡೊ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ.

ಪೇಸ್ಟಲ್‌ಗೆ ದೊಡ್ಡ ಕಲೆಯ ಗೌರವ ತಂದವಳು ವೆನಿಸ್ಸಿನ ರೊಸಾಲ್ಬಾ ಕಾರಿಯೆರಾ. 1720ರಲ್ಲಿ ಆಕೆ ಪ್ಯಾರಿಸ್ಸಿಗೆ ಹೋದಾಗ ಬಾಲಕ ದೊರೆ ಹದಿನೈದನೆಯ ಲೂಯಿಯ ಚಿತ್ರ ಬರೆದಳು. ಅಲ್ಲಿನ ರಾಜ ಅಕಾಡೆಮಿ ಅದೇ ವರ್ಷ ಆಕೆಗೆ ಸದಸ್ಯತ್ವ ಕೊಟ್ಟಿತು. ಆಕೆಯ ಕೃತಿಗಳ ಅತಿ ದೊಡ್ಡ ಸಂಗ್ರಹ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಪೌಡರ್ ಹಚ್ಚಿದ ಕೆನ್ನೆ, ಜರಿಯ ಅಂಚು, ಕೂದಲಿನ ಹಗುರತನ, ಇವನ್ನೆಲ್ಲ ಪುಡಿಬಣ್ಣ ಎಷ್ಟು ಸಹಜವಾಗಿ ಹಿಡಿಯುತ್ತದೆಂದು ತೋರಿಸಿದ್ದು ಆಕೆಯ ಕೊಡುಗೆ. ಕೂರುವವರಿಗೂ ಇದು ಅನುಕೂಲ: ಪದರ ಒಣಗುವವರೆಗೆ ಕಾಯಬೇಕಿಲ್ಲ, ಎಣ್ಣೆಯ ವಾಸನೆ ಇಲ್ಲ.

ಆ ನಂತರದ ಪ್ಯಾರಿಸ್ಸಿನ ದೊಡ್ಡ ಹೆಸರು ಮೊರಿಸ್ ಕ್ವಾಂತಾ ದ ಲಾ ತೂರ್. 1755ರ ಪ್ರದರ್ಶನದಲ್ಲಿ ಇಟ್ಟ, ಈಗ ಲೂವ್ರ್‌ನಲ್ಲಿರುವ ಮದಾಂ ದ ಪೊಂಪದೂರ್ ಚಿತ್ರ ಆಳೆತ್ತರದ್ದು. ಅಷ್ಟು ದೊಡ್ಡ ಕಾಗದ ಆಗ ಸಿಗುತ್ತಿರಲಿಲ್ಲ. ಲಾ ತೂರ್ ಹಲವು ಹಾಳೆಗಳನ್ನು ಜೋಡಿಸಿ ಅಂಟಿಸಿದ. ಮುಖದ ಭಾಗವನ್ನು ಬೇರೆ ಹಾಳೆಯಲ್ಲಿ ಮೊದಲೇ ಬರೆದು ಆಮೇಲೆ ದೊಡ್ಡ ಚಿತ್ರದಲ್ಲಿ ಕೂಡಿಸಿದ. ರಾಜನ ಆಪ್ತೆಯಾದ ಪೊಂಪದೂರ್ ಕಲಾವಿದನ ಮುಂದೆ ಕೂರುವ ಹೊತ್ತು ಕಡಿಮೆ. ಸಿಕ್ಕಷ್ಟು ಹೊತ್ತಿನಲ್ಲಿ ಮುಖ ಮುಗಿಸಿ, ರೇಷ್ಮೆ ಉಡುಪು, ಪುಸ್ತಕ, ಮೇಜುಗಳನ್ನು ಬಿಡುವಾಗಿ ಬರೆಯಲು ಈ ಉಪಾಯ. ತೈಲಚಿತ್ರಗಳ ಎದುರು ಪೇಸ್ಟಲ್ ಸೋಲದೆಂದು ಸಾಧಿಸುವ ಹಟ ಅವನದು. ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿರುವ ಅವನ ಇನ್ನೊಂದು ಚಿತ್ರ, ನ್ಯಾಯಾಧಿಕಾರಿ ರಿಯೂ ಅವರದು, ಎರಡು ಮೀಟರ್ ಎತ್ತರವಿದೆ.

ಜಿನೀವಾದ ಜಾನ್ ಎತಿಯೆನ್ ಲಿಯೊತಾರ್ ಹಿಡಿದದ್ದು ಬೇರೆ ದಾರಿ. ಡ್ರೆಸ್ಡೆನ್‌ನಲ್ಲಿರುವ ಅವನ ‘ಚಾಕೊಲೇಟ್ ಹುಡುಗಿ’ ನುಣುಪಾದ ಚರ್ಮಪತ್ರದ ಮೇಲಿನ ಕೆಲಸ. ತಟ್ಟೆಯ ಮೇಲಿನ ನೀರಿನ ಲೋಟದಲ್ಲಿ ಕಿಟಕಿಯ ಬೆಳಕು ಬಿದ್ದದ್ದೂ ಕಾಣುತ್ತದೆ, ಕಡ್ಡಿಯ ಗೀಟು ಒಂದೂ ಕಾಣುವುದಿಲ್ಲ. ಇದೇ ಶತಮಾನದಲ್ಲಿ ಶಾರ್ದಾಂ ಎಪ್ಪತ್ತು ದಾಟಿದ ಮೇಲೆ, ಎಣ್ಣೆಬಣ್ಣ ಕಣ್ಣಿಗೆ ಆಗದಂತಾದಾಗ, ಪೇಸ್ಟಲ್ ಹಿಡಿದ. 1771 ಮತ್ತು 1775ರ ಅವನ ಆತ್ಮಚಿತ್ರಗಳಲ್ಲಿ ಹಸಿರು, ನೀಲಿ, ಕೆಂಪು ಗೀಟುಗಳು ಚರ್ಮದ ಮೇಲೆ ಬೆರೆಯದೆ ಅಕ್ಕಪಕ್ಕ ನಿಂತಿವೆ. ದೂರದಿಂದ ನೋಡಿದರೆ ಅವೇ ಮುದುಕನ ಕೆನ್ನೆಯಾಗುತ್ತವೆ. ಪೇಸ್ಟಲ್‌ನ ಮುಂದಿನ ಶತಮಾನ ಕಲಿತದ್ದು ಶಾರ್ದಾಂನ ಈ ಪಾಠವನ್ನು ಎಂದು ನನ್ನ ಅಭಿಪ್ರಾಯ.

ಫ್ರೆಂಚ್ ಕ್ರಾಂತಿಯ ನಂತರ ಪೇಸ್ಟಲ್‌ಗೆ ಅರಮನೆಯ ಹಳೆಯ ಫ್ಯಾಷನ್ ಎಂಬ ಕಳಂಕ ಅಂಟಿ ಮೂಲೆ ಸೇರಿತು. 1860ರ ದಶಕದಲ್ಲಿ ಮಿಲೆ ಅದನ್ನು ಹೊಲದ ರೈತರ ಕಡೆ ತಿರುಗಿಸಿದ. ಆಮೇಲೆ ಬಂದ ಎಡ್ಗರ್ ಡೆಗಾ ಅದರ ವ್ಯಾಕರಣವನ್ನೇ ಬದಲಿಸಿದ. ಅಚ್ಚಿನಿಂದ ತೆಗೆದ ಕಪ್ಪು ಮೊನೊಟೈಪ್ ಮೇಲೆ ಪೇಸ್ಟಲ್ ಹಾಕಿದ. ಹಾಕಿದ ಬಣ್ಣಕ್ಕೆ ಬಿಸಿನೀರಿನ ಆವಿ ಹಿಡಿದು ಮುದ್ದೆಯಾಗಿಸಿ ಕುಂಚದಿಂದ ಎಳೆದ. ಟ್ರೇಸಿಂಗ್ ಕಾಗದದ ಮೇಲೆ ಬರೆದು, ಸಾಲದಿದ್ದರೆ ಪಟ್ಟಿ ಜೋಡಿಸಿ ಚಿತ್ರವನ್ನು ಬೆಳೆಸಿದ. 1886ರ ‘ಟಬ್’ ಚಿತ್ರದಲ್ಲಿ ತಗ್ಗಾದ ತೊಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕತ್ತು ಉಜ್ಜಿಕೊಳ್ಳುತ್ತಿರುವ ಹೆಂಗಸಿನ ಬೆನ್ನಿನ ಮೇಲೆ ಒಂದೇ ದಿಕ್ಕಿನ ಗೀಟುಗಳು ಮಳೆ ಬಿದ್ದ ಹಾಗೆ ಇಳಿಯುತ್ತವೆ, ಕೆಳಗಿನ ಬಣ್ಣ ಅವುಗಳ ಸಂದಿನಲ್ಲಿ ಇಣುಕುತ್ತದೆ. ಬಲಗಡೆಯ ಹಲಗೆಯ ಮೇಲಿನ ಹೂಜಿಗಳಿಗೆ ಅಷ್ಟು ಗೀಟಿಲ್ಲ, ಬಣ್ಣ ಚಪ್ಪಟೆಯಾಗಿ ಕೂತಿದೆ. ಹೀಗಾಗಿ ಕಣ್ಣು ತಾನಾಗಿ ಬೆನ್ನಿಗೆ ಮರಳುತ್ತದೆ. ಇದನ್ನು ರೇಖಾಚಿತ್ರ ಎನ್ನಬೇಕೋ ವರ್ಣಚಿತ್ರ ಎನ್ನಬೇಕೋ ಎಂಬ ಹಳೆಯ ತಕರಾರು ಈ ಬೆನ್ನಿನ ಮುಂದೆ ನಿಲ್ಲುವುದಿಲ್ಲ. ಗೆರೆ ಎಳೆದದ್ದೂ ಬಣ್ಣ ತುಂಬಿದ್ದೂ ಒಂದೇ ಕ್ರಿಯೆ.

ಡೆಗಾ ಕಡ್ಡಿ ಕೊಳ್ಳುತ್ತಿದ್ದ ಅಂಗಡಿಗಳಲ್ಲಿ ಒಂದು ಪ್ಯಾರಿಸ್ಸಿನ ರೋಶೆ. ಔಷಧ ವಿಜ್ಞಾನ ಓದಿದ ಹೆನ್ರಿ ರೋಶೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ವಹಿಸಿಕೊಂಡು ಕಡ್ಡಿಯ ಗುಣ ಎತ್ತಿದ. ಮುಚ್ಚುವ ಸ್ಥಿತಿಯಲ್ಲಿದ್ದ ಆ ಮನೆತನದ ಕೆಲಸವನ್ನು 2000ದ ಹೊತ್ತಿಗೆ ಇಸಬೆಲ್ ರೋಶೆ ಕೈಗೆತ್ತಿಕೊಂಡರು. ಇವತ್ತು ಅಲ್ಲಿ ಕೈಯಿಂದಲೇ ಹೊಸೆದ ಸಾವಿರಕ್ಕೂ ಹೆಚ್ಚು ಛಾಯೆಗಳಿವೆ. ಮುಂದೆ ಪೇಸ್ಟಲ್ ರೆದೋಂನ ಹೂವುಗಳಿಗೆ, ಮುಂಕ್‌ನ ಚೀತ್ಕಾರಕ್ಕೂ ಒದಗಿತು. ಮುಂಕ್‌ನ ‘ಸ್ಕ್ರೀಮ್’ ಚಿತ್ರದ 1895ರ ಆವೃತ್ತಿ ಪೇಸ್ಟಲ್‌ನದು. 2012ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 12 ಕೋಟಿ ಡಾಲರ್.

ಭಾರತಕ್ಕೆ ಇದು ಕಲಾಶಾಲೆಗಳ ಮೂಲಕ ಬಂತು. ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟ್ಯಾಗೋರರು ಇಟಲಿಯ ಗಿಲಾರ್ಡಿ ಎಂಬವರಿಂದ ಪೇಸ್ಟಲ್ ಕಲಿತರು, ಅದರಲ್ಲಿ ಭಾವಚಿತ್ರಗಳನ್ನೂ ಬರೆದರು. ಅವರ ಬಳಿ ಕಲಿಯಲು ಮೈಸೂರಿನಿಂದ ಹೋದ ಕೆ. ವೆಂಕಟಪ್ಪನವರು ಮಾತ್ರ ಜಲವರ್ಣವನ್ನೇ ತಮ್ಮ ದಾರಿ ಮಾಡಿಕೊಂಡರು. ನಂತರದ ಪೀಳಿಗೆಯಲ್ಲಿ ಬಂಗಾಳದ ಬಿಕಾಶ್ ಭಟ್ಟಾಚಾರ್ಜಿ, ಶಾಯಿಯ ಜೊತೆ ಪೇಸ್ಟಲ್ ಬೆರೆಸಿದ ಜೋಗೆನ್ ಚೌಧುರಿ ಇದನ್ನು ಗಂಭೀರವಾಗಿ ದುಡಿಸಿಕೊಂಡರು.

ಕಾಗದ ಸರಿಯಿದ್ದರೆ ಅರ್ಧ ಕೆಲಸ ಆದಂತೆ

ಪುಡಿ ನಿಲ್ಲುವುದು ಕಾಗದದ ಹಲ್ಲಿಗೆ, ಅಂದರೆ ಅದರ ಮೈಯ ಒರಟುತನಕ್ಕೆ. ಮೈ ನುಣುಪಾಗಿದ್ದರೆ ಎರಡು ಪದರಕ್ಕೇ ಬಣ್ಣ ಜಾರತೊಡಗುತ್ತದೆ. ಲಿಯೊತಾರ್‌ನ ಚರ್ಮಪತ್ರದಲ್ಲೂ ಕಣ್ಣಿಗೆ ಕಾಣದ ಸಣ್ಣ ನವಿರು ಇತ್ತು. ಹದಿನೆಂಟನೆಯ ಶತಮಾನದವರಿಗೆ ನೀಲಿ ಕಾಗದ ಪ್ರಿಯವಾಗಿತ್ತು: ಚರ್ಮದ ಬಿಸಿ ಬಣ್ಣಕ್ಕೆ ಕೆಳಗಿನ ತಣ್ಣನೆಯ ನೀಲಿಯೇ ನೆರಳಾಗಿ ಒದಗುತ್ತದೆ. ಬಣ್ಣದ ಕಾಗದದ ಮೇಲೆ ಕೆಲಸ ಮಾಡುವ ರೂಢಿ ಇಂದಿಗೂ ಇರುವುದು ಈ ಕಾರಣಕ್ಕೆ. ಬಿಳಿ ಕಾಗದದಲ್ಲಿ ಪ್ರತಿ ಸಂದೂ ಬಿಳಿ ಚುಕ್ಕೆಯಾಗಿ ಕಣ್ಣಿಗೆ ಚುಚ್ಚುತ್ತದೆ. ಬೂದು, ಮಣ್ಣು ಅಥವಾ ಕಂದು ಕಾಗದದಲ್ಲಿ ಬಿಟ್ಟ ಜಾಗವೂ ಚಿತ್ರದ ಭಾಗವೇ ಆಗುತ್ತದೆ.

ಇವತ್ತು ನಮ್ಮಲ್ಲಿ ಸುಲಭವಾಗಿ ಸಿಗುವುದು ಕ್ಯಾನ್ಸನ್ ಕಂಪನಿಯ ಮಿ-ತೆಂತ್, ಚದರ ಮೀಟರಿಗೆ 160 ಗ್ರಾಂ ತೂಕದ್ದು. ಇದರ ಒಂದು ಬದಿಯಲ್ಲಿ ಜೇನುಗೂಡಿನ ವಿನ್ಯಾಸ ಎದ್ದು ಕಾಣುತ್ತದೆ, ಇನ್ನೊಂದು ಬದಿ ಅಷ್ಟು ಒರಟಲ್ಲ. ಮುಖ ಬರೆಯುವವರು ಹಿಂಬದಿಯನ್ನೇ ಆರಿಸಿಕೊಂಡರೆ ಕೆನ್ನೆಯ ಮೇಲೆ ಜೇನುಗೂಡು ಮೂಡುವುದು ತಪ್ಪುತ್ತದೆ. ಇನ್ನೊಂದು ವರ್ಗ ಉಪ್ಪು ಕಾಗದದ ಹಾಗೆ ಮೈಯಿರುವ ಕಾಗದಗಳು. ಯು-ಆರ್ಟ್ ಎಂಬ ಬ್ರ್ಯಾಂಡಿನಲ್ಲಿ 240ರಿಂದ 800ರವರೆಗೆ ದರ್ಜೆಗಳಿವೆ. ಸಂಖ್ಯೆ ಹೆಚ್ಚಿದಷ್ಟೂ ಮೈ ನಯ. ಇಂಥ ಕಾಗದ ಹತ್ತಾರು ಪದರ ಬಣ್ಣ ಹಿಡಿಯುತ್ತದೆ, ಹೆಚ್ಚಾದರೆ ಗಡಸು ಬ್ರಷ್‌ನಿಂದ ಉದುರಿಸಿ ಮತ್ತೆ ಹಾಕಲೂ ಬರುತ್ತದೆ. ಆದರೆ ದುಬಾರಿ. ದಪ್ಪ ಜಲವರ್ಣ ಕಾಗದಕ್ಕೆ ಅಕ್ರಿಲಿಕ್ ಜೆಸ್ಸೊದಲ್ಲಿ ಪ್ಯೂಮಿಸ್ ಪುಡಿ ಅಥವಾ ಅಮೃತಶಿಲೆಯ ನುಣ್ಣನೆಯ ಪುಡಿ ಬೆರೆಸಿ ಬಳಿದರೆ ಕಡಿಮೆ ಖರ್ಚಿನಲ್ಲಿ ಅದೇ ಗುಣ ಬರುತ್ತದೆ. ಹೊಸಬರು ಕಡ್ಡಿಗೆ ಹಣ ಸುರಿದು ಕಾಗದಕ್ಕೆ ಜಿಪುಣತನ ಮಾಡುತ್ತಾರೆ. ಅದು ತಿರುಗುಮುರುಗಾಗಬೇಕು. ಸಾಧಾರಣ ಕಡ್ಡಿ ಒಳ್ಳೆಯ ಕಾಗದದ ಮೇಲೆ ಚೆನ್ನಾಗಿ ದುಡಿಯುತ್ತದೆ. ಎಷ್ಟು ಒಳ್ಳೆಯ ಕಡ್ಡಿಯಾದರೂ ಡ್ರಾಯಿಂಗ್ ಶೀಟಿನ ನುಣುಪಿನ ಮೇಲೆ ಕೈಕಟ್ಟಿ ಕೂರುತ್ತದೆ.

ಕೈಯ ಕ್ರಮ

ತೈಲವರ್ಣದವರು ಹಲಗೆಯ ಮೇಲೆ ಬಣ್ಣ ಬೆರೆಸಿಕೊಳ್ಳುತ್ತಾರೆ. ಪೇಸ್ಟಲ್‌ನಲ್ಲಿ ಬೆರೆಯುವುದೆಲ್ಲ ಕಾಗದದ ಮೇಲೆಯೇ. ಅಂಗಡಿಗಳಲ್ಲಿ ಅಷ್ಟೊಂದು ಛಾಯೆಗಳಿರುವುದು ಇದಕ್ಕೆ: ಸೆನೆಲಿಯೆ 525 ಛಾಯೆಗಳನ್ನು ಮಾಡುತ್ತದೆ, ರೆಂಬ್ರಾಂಟ್ 218. ಇಷ್ಟೆಲ್ಲ ಬೇಕೆಂದೇನಿಲ್ಲ. ಮೂವತ್ತು ನಲವತ್ತು ಕಡ್ಡಿಗಳಿದ್ದರೂ ಅವುಗಳನ್ನು ಕೆಂಪು, ಹಸಿರು ಎಂದು ವಿಂಗಡಿಸದೆ ಗಾಢ, ಮಧ್ಯಮ, ತಿಳಿ ಎಂದು ಮೂರು ಸಾಲು ಮಾಡಿಟ್ಟುಕೊಂಡರೆ ಕೈ ತಪ್ಪುವುದಿಲ್ಲ. ಕಣ್ಣು ಅರೆಮುಚ್ಚಿ ನೋಡಿ ಎದುರಿನ ವಸ್ತುವಿನ ಗಾಢತೆ ಅಳೆಯಿರಿ, ಅದೇ ಸಾಲಿನಿಂದ ಯಾವ ಬಣ್ಣ ತೆಗೆದರೂ ಚಿತ್ರ ನಿಲ್ಲುತ್ತದೆ. ಸಾಲು ತಪ್ಪಿದರೆ ಎಷ್ಟು ಸರಿಯಾದ ಬಣ್ಣವಾದರೂ ಕೆಡುತ್ತದೆ.

ಬಹುಮಟ್ಟಿಗೆ ಎಲ್ಲರೂ ಒಪ್ಪುವ ಕ್ರಮ ಹೀಗಿದೆ. ಮೊದಲು ಇದ್ದಿಲು ಅಥವಾ ಗಡಸು ಕಡ್ಡಿಯಿಂದ ವಿನ್ಯಾಸ. ನಂತರ ಗಡಸಿನಿಂದ ಮೆದುವಿಗೆ, ಗಾಢದಿಂದ ತಿಳಿಗೆ. ಮೆದು ಕಡ್ಡಿ ಕಾಗದದ ಹಲ್ಲನ್ನು ಬೇಗ ತುಂಬಿಬಿಡುತ್ತದೆ. ಅದನ್ನು ಮೊದಲೇ ಹಾಕಿದರೆ ಗಡಸು ಕಡ್ಡಿಗೆ ಹಿಡಿತವೇ ಸಿಗದು. ದೊಡ್ಡ ಜಾಗಗಳಿಗೆ ಕಡ್ಡಿಯನ್ನು ಮುರಿದು ಅಡ್ಡಲಾಗಿ ಎಳೆಯಬೇಕು. ಹೊಸ ಕಡ್ಡಿಯನ್ನು ಮುರಿಯಲು ಮನಸ್ಸು ಬಾರದವರಿಗೆ ಪೇಸ್ಟಲ್ ಒಲಿಯುವುದಿಲ್ಲ. ಕೆಳಗಿನ ಪದರ ಕಾಣುವ ಹಾಗೆ ತೆಳುವಾಗಿ ಮೇಲೊಂದು ಬಣ್ಣ ಸವರುವುದು, ಗೀಟುಗಳ ಪಕ್ಕ ಬೇರೆ ಬಣ್ಣದ ಗೀಟು ಎಳೆಯುವುದು, ಕೊನೆಯಲ್ಲಿ ಒಂದೆರಡು ಕಡೆ ಮಾತ್ರ ಒತ್ತಿ ದಪ್ಪ ಬಣ್ಣ ನಿಲ್ಲಿಸುವುದು: ಕೌಶಲವೆಲ್ಲ ಇಷ್ಟರೊಳಗೇ ಇದೆ.

ಬೆರಳಿನಿಂದ ಉಜ್ಜಿ ಬೆರೆಸುವ ಬಗ್ಗೆ ಎರಡು ಪಂಥಗಳಿವೆ. ಲಿಯೊತಾರ್‌ನ ಪಂಥದವರು ನಯಕ್ಕೆ ಉಜ್ಜುತ್ತಾರೆ, ಶಾರ್ದಾಂ ಮತ್ತು ಡೆಗಾ ಪಂಥದವರು ಗೀಟನ್ನು ಉಳಿಸುತ್ತಾರೆ. ನಾನು ಎರಡನೆಯವರ ಕಡೆ. ಉಜ್ಜಿದಾಗ ಕಣಗಳು ಒತ್ತಿಕೊಂಡು ನಡುವಿನ ಗಾಳಿ ಹೋಗುತ್ತದೆ, ಬೆರಳಿನ ಜಿಡ್ಡು ಸೇರುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಮೊದಲ ಪದರವನ್ನು ಉಜ್ಜಿ ಆಕಾಶಕ್ಕೋ ಹಿನ್ನೆಲೆಗೋ ನೆಲ ಮಾಡಿಕೊಳ್ಳುವುದು ಸರಿ. ಕೊನೆಯ ಪದರವನ್ನು ಮುಟ್ಟದಿರುವುದೇ ಒಳ್ಳೆಯದು. ಕೊಳೆಯಾದ ಕಡ್ಡಿಗಳನ್ನು ಅಕ್ಕಿ ತುಂಬಿದ ಡಬ್ಬಿಗೆ ಹಾಕಿ ಮೆಲ್ಲಗೆ ಅಲುಗಿಸಿದರೆ ಮೈಮೇಲಿನ ಬೆರಕೆ ಬಣ್ಣ ಬಿಟ್ಟು ಸ್ವಂತ ಬಣ್ಣ ತಿರುಗಿ ಬರುತ್ತದೆ.

ಫಿಕ್ಸೆಟಿವ್ ಎಂಬ ಹಳೆಯ ಜಗಳ

ಪುಡಿಯನ್ನು ಅಂಟಿಸಿಬಿಡುವ ಆಸೆ ಪೇಸ್ಟಲ್‌ನಷ್ಟೇ ಹಳೆಯದು. ಪ್ಯಾರಿಸ್ಸಿನ ಲೊರಿಯೊ 1753ರಲ್ಲಿ ತನ್ನ ಗುಪ್ತ ಕ್ರಮವನ್ನು ಅಕಾಡೆಮಿಗೆ ತೋರಿಸಿದ. 1780ರಲ್ಲಿ ಗುಟ್ಟು ಹೊರಬಂತು. ಮೀನಿನ ಅಂಟನ್ನು ನೀರಲ್ಲಿ ಕರಗಿಸಿ, ಮದ್ಯಸಾರ ಬೆರೆಸಿ, ಕುಂಚದ ಕೂದಲನ್ನು ಮಿಡಿದು ಹನಿಹನಿಯಾಗಿ ಚಿಮುಕಿಸುವುದಷ್ಟೇ ಅದು. ಲಾ ತೂರ್ ಸಹ ಇಂಥ ಪ್ರಯೋಗಗಳಲ್ಲಿ ತನ್ನದೇ ಕೆಲವು ಚಿತ್ರಗಳನ್ನು ಕೆಡಿಸಿಕೊಂಡ. ಡೆಗಾಗೆ ಗೆಳೆಯ ಲೂಯಿಜಿ ಕ್ಯಾಲಿವಾ ಒಂದು ಫಿಕ್ಸೆಟಿವ್ ಮಾಡಿಕೊಡುತ್ತಿದ್ದ. ಡೆಗಾ ಅದನ್ನು ಬಳಸಿದ್ದು ಪದರಗಳ ನಡುವೆ: ಒಂದು ಪದರ ಹಾಕಿ, ಅದನ್ನು ನಿಲ್ಲಿಸಿ, ಅದರ ಮೇಲೆ ಇನ್ನೊಂದು. ಕೆಳಗಿನದು ಸ್ವಲ್ಪ ಗಾಢವಾದರೂ ಚಿಂತೆಯಿಲ್ಲ, ಮೇಲಿನದು ಹೊಳೆಯುತ್ತಿರುತ್ತದೆ.

ಇವತ್ತಿನ ಸ್ಪ್ರೇ ಡಬ್ಬಿಗಳಲ್ಲಿ ಅಕ್ರಿಲಿಕ್ ರಾಳವಿರುತ್ತದೆ, ಆದರೆ ಬೆಳಕಿನ ನಿಯಮ ಬದಲಾಗಿಲ್ಲ. ಅಂಟು ಕಣಗಳ ನಡುವಿನ ಗಾಳಿಯನ್ನು ತುಂಬಿದೊಡನೆ ಬಣ್ಣ ಗಾಢವಾಗುತ್ತದೆ. ಹೆಚ್ಚು ಪೆಟ್ಟು ಬೀಳುವುದು ಬಿಳಿ ಮತ್ತು ತಿಳಿ ಬಣ್ಣಗಳಿಗೆ, ಅಂದರೆ ಚಿತ್ರದ ಬೆಳಕಿಗೆ. ಅದಕ್ಕೇ ಅನೇಕ ಕಲಾವಿದರು ಕೊನೆಯ ಪದರಕ್ಕೆ ಫಿಕ್ಸೆಟಿವ್ ಹಾಕುವುದಿಲ್ಲ. ಹಾಕಲೇಬೇಕಾದರೆ ಮೊದಲು ಹಾಕಿ, ಆಮೇಲೆ ತಿಳಿ ಬಣ್ಣಗಳನ್ನು ಮತ್ತೆ ಇಡುತ್ತಾರೆ. ಡೆಗಾನ ಕ್ರಮವೇ ಸರಿಯೆಂದು ನನ್ನ ನಿಲುವು. ಫಿಕ್ಸೆಟಿವ್ ಕೆಲಸದ ನಡುವಿನ ಸಾಧನ. ಮುಗಿದ ಚಿತ್ರಕ್ಕೆ ರಕ್ಷೆ ಕೊಡುವುದು ಗಾಜು. ಉದುರುವ ಪುಡಿಯನ್ನು ಬೋರ್ಡಿನ ಹಿಂಬದಿ ಒಂದೆರಡು ಸಲ ತಟ್ಟಿ ಉದುರಿಸಿಬಿಟ್ಟರೆ, ಉಳಿದದ್ದು ಕಾಗದದ ಹಲ್ಲಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಮಾಸುವ ಬಣ್ಣ, ಏಳುವ ದೂಳು

ಪೇಸ್ಟಲ್ ಹಳದಿಗಟ್ಟುವುದಿಲ್ಲ ಎಂದರೆ ಮಾಸುವುದೇ ಇಲ್ಲ ಎಂದಲ್ಲ. ಕೊಕಿನೀಲ್ ಹುಳುವಿನಿಂದ ತೆಗೆದ ಕಾರ್ಮೈನ್ ಕೆಂಪು ಬೆಳಕಿಗೆ ಬಣ್ಣ ಬಿಟ್ಟದ್ದರಿಂದ ಎಷ್ಟೋ ಹಳೆಯ ಚಿತ್ರಗಳ ಕೆನ್ನೆಗಳು ಬಿಳಿಚಿವೆ. ಇಂದಿನ ಅಗ್ಗದ ಸೆಟ್‌ಗಳ ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳದೂ ಬಹಳ ಸಲ ಇದೇ ಗತಿ. ಮಣ್ಣುಬಣ್ಣಗಳು, ಅಲ್ಟ್ರಾಮರೀನ್, ಇದ್ದಿಲು ಕಪ್ಪು ನಂಬಿಕಸ್ಥ. ಅನುಮಾನವಿದ್ದರೆ ಕಾಗದದ ಪಟ್ಟಿಯ ಮೇಲೆ ಎಲ್ಲ ಬಣ್ಣ ಎಳೆದು, ಅರ್ಧ ಭಾಗ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ಬೇಸಿಗೆ ಇಡಿ. ಯಾವ ಕಡ್ಡಿ ಮೋಸ ಮಾಡುತ್ತದೆಂದು ಅದೇ ಹೇಳುತ್ತದೆ. ಸಂಗ್ರಹಾಲಯಗಳು ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿನ ಮಂದ ಬೆಳಕನ್ನಷ್ಟೇ ಬಿಡುತ್ತವೆ.

ದೂಳಿನ ವಿಷಯದಲ್ಲಿ ನಾವು ತುಂಬ ಉದಾಸೀನರು. ಕೆಲವು ವರ್ಣದ್ರವ್ಯಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್, ಕ್ರೋಮಿಯಂ ಇರುತ್ತವೆ. ಏನೂ ಇಲ್ಲದಿದ್ದರೂ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉದುರಿದ ಪುಡಿಯನ್ನು ಬಾಯಿಂದ ಊದುವ ಅಭ್ಯಾಸ ಮೊದಲು ಬಿಡಬೇಕು. ಚಿತ್ರವನ್ನು ನೇರವಾಗಿ, ಮೇಲ್ತುದಿ ಸ್ವಲ್ಪ ಮುಂದಕ್ಕೆ ಬಾಗುವಂತೆ ನಿಲ್ಲಿಸಿದರೆ ಪುಡಿ ತಾನಾಗಿ ಕೆಳಗೆ ಬೀಳುತ್ತದೆ. ಕೆಳಗೆ ಒದ್ದೆ ಬಟ್ಟೆ ಹಾಕಿದ ತಟ್ಟೆ ಇಟ್ಟುಕೊಳ್ಳಿ. ಫ್ಯಾನ್ ಆರಿಸಿ, ಎನ್-95 ಮಾಸ್ಕ್ ಹಾಕಿಕೊಳ್ಳಿ, ಕೆಲಸದ ಮೇಜಿನ ಮೇಲೆ ಕಾಫಿ ಲೋಟ ಇಡಬೇಡಿ, ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಒಂದೇ ಕೋಣೆಯಲ್ಲಿ ಹಲವರು ಕೂತು ಬರೆಯುವ ಕಲಾಶಾಲೆಗಳಲ್ಲಿ ಇದು ನಿಯಮವಾಗಬೇಕು.

ನಮ್ಮ ಹವೆಯಲ್ಲಿ ಬಾಳುವುದು ಹೇಗೆ

ಕರಾವಳಿ, ಮಲೆನಾಡಿನ ಕಲಾವಿದರು ಪೇಸ್ಟಲ್‌ನಿಂದ ದೂರವಿರಲು ಹೇಳುವ ಕಾರಣ ಮಳೆಗಾಲ. ಭಯ ನಿಜವಾದದ್ದೇ. ಗಾಳಿಯ ತೇವ ಶೇಕಡಾ ಎಪ್ಪತ್ತರ ಮೇಲೆ ಹೋಗಿ ವಾರಗಟ್ಟಲೆ ನಿಂತರೆ ಕಾಗದ, ಗೋಂದು ಎರಡೂ ಬೂಷ್ಟಿಗೆ ಆಹಾರ. ತೈಲಚಿತ್ರದ ಬೂಷ್ಟನ್ನು ಒರೆಸಬಹುದು, ಪೇಸ್ಟಲ್ ಮೇಲಿನದನ್ನು ಒರೆಸಲು ಹೋದರೆ ಚಿತ್ರವೇ ಬರುತ್ತದೆ. ಆದ್ದರಿಂದ ಬೂಷ್ಟು ಬಾರದಂತೆ ಕಟ್ಟುವುದೊಂದೇ ದಾರಿ, ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ.

ಮೊದಲನೆಯದಾಗಿ, ಗಾಜು ಚಿತ್ರಕ್ಕೆ ತಾಗಬಾರದು. ದಪ್ಪ ಮೌಂಟ್ ಬೋರ್ಡ್ ಅಥವಾ ಚೌಕಟ್ಟಿನೊಳಗೆ ಸಣ್ಣ ಪಟ್ಟಿ ಕೊಟ್ಟು ನಡುವೆ ಅಂತರ ಇಡಬೇಕು. ತಾಗಿದರೆ ಪುಡಿ ಗಾಜಿಗೆ ಅಂಟುವುದಲ್ಲದೆ, ಅಲ್ಲಿ ಕೂತ ತೇವ ಬೂಷ್ಟಿಗೆ ದಾರಿ ಮಾಡುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಬಾರದು. ಒರೆಸಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಹಿಂಬದಿಯ ಬೋರ್ಡ್ ಆಮ್ಲರಹಿತವಾಗಿರಬೇಕು, ಅಂಚನ್ನು ಟೇಪಿನಿಂದ ಪೂರ್ತಿ ಮುಚ್ಚಬೇಕು. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿ, ಚೌಕಟ್ಟಿನ ಕೆಳ ಮೂಲೆಗಳಲ್ಲಿ ಬಿರಡೆಯ ಚೂರು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಚೌಕಟ್ಟಿಲ್ಲದ ಚಿತ್ರಗಳನ್ನು ನುಣುಪಾದ ಗ್ಲಾಸಿನ್ ಕಾಗದ ಹೊದಿಸಿ, ಉಜ್ಜಾಡದಂತೆ ಮಟ್ಟಸವಾಗಿ ಇಡಬೇಕು. ದೊಡ್ಡ ಸಂಗ್ರಹಾಲಯಗಳು ಹಳೆಯ ಪೇಸ್ಟಲ್‌ಗಳನ್ನು ಊರೂರಿಗೆ ಕಳಿಸಲು ಹಿಂಜರಿಯುವುದು ಸಾಗಾಟದ ನಡುಕಕ್ಕೆ ಹೆದರಿ. ನಾವು ಕೊರಿಯರ್‌ಗೆ ಕೊಡುವಾಗಲೂ ಅದೇ ಎಚ್ಚರ ಬೇಕು.

ಇಷ್ಟು ನೋಡಿಕೊಂಡರೆ ಬಾಳುವ ಕಾಲ ಎಷ್ಟೆಂದು ಕಾರಿಯೆರಾಳ ಚಿತ್ರಗಳೇ ಹೇಳುತ್ತವೆ. ಆಕೆ ಬದುಕಿದ ವೆನಿಸ್ ನೀರಿನ ಮೇಲಿನ ಊರು, ತೇವಕ್ಕೆ ಅಲ್ಲೇನೂ ಕೊರತೆ ಇರಲಿಲ್ಲ.

ಮುಂದೆ ಆಗಬೇಕಾದದ್ದು

ಪೇಸ್ಟಲ್ ಅರ್ಧ ಚಿತ್ರ, ಕರಡು ಚಿತ್ರ, ಮಕ್ಕಳ ಬಣ್ಣ ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿರುವುದು ಸಾಮಗ್ರಿಯ ಪರಿಚಯವಿಲ್ಲದ ಕಾರಣಕ್ಕೆ. ಬೆಂಗಳೂರಿನ ಚಿತ್ರಸಂತೆಯಂಥ ಜಾಗದಲ್ಲಿ ಸಾವಿರಾರು ಜನ ಚಿತ್ರ ಕೊಳ್ಳುತ್ತಾರೆ. ಪೇಸ್ಟಲ್ ಮಾರುವ ಕಲಾವಿದರು ಅದರ ಹಿಂದೆ ಒಂದು ಚೀಟಿ ಅಂಟಿಸಿ ಯಾವ ಕಾಗದ, ಯಾವ ಬಣ್ಣ, ಹೇಗೆ ಚೌಕಟ್ಟು ಹಾಕಿಸಬೇಕು ಎಂದು ಬರೆದುಕೊಟ್ಟರೆ ಕೊಂಡವರ ಅಂಜಿಕೆ ಅರ್ಧ ಇಳಿಯುತ್ತದೆ. ಚೌಕಟ್ಟು ಹಾಕುವ ಅಂಗಡಿಯವರಿಗೆ ಆ ಸಣ್ಣ ಅಂತರದ ಮಹತ್ವ ತಿಳಿಸಿಕೊಡುವುದು ಕಲಾವಿದರದೇ ಹೊಣೆ.

ಕಲಾಶಾಲೆಗಳು ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳ ಕೈಯಲ್ಲಿ ಕಡ್ಡಿ ಮಾಡಿಸಬೇಕೆಂಬುದು ನನ್ನ ಬಲವಾದ ಆಗ್ರಹ. ವಿದೇಶದ ಪೆಟ್ಟಿಗೆ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲು, ಸೀಮೆಸುಣ್ಣ, ಒಂದು ನೀಲಿ, ಇಷ್ಟರಿಂದ ಮೂವತ್ತು ಕಡ್ಡಿಗಳು ತಯಾರಾಗುತ್ತವೆ. ಮುಖ, ಬೆಟ್ಟ, ಬರಗಾಲದ ಹೊಲ, ಗೋಡೆಯ ಮೇಲಿನ ಬಿಸಿಲು ಬರೆಯಲು ಅವು ಧಾರಾಳವಾಗಿ ಸಾಕು. ತಾನೇ ಅಂಟು ಕಲಸಿದ ವಿದ್ಯಾರ್ಥಿಗೆ ಎಷ್ಟು ಅಂಟು ಎಷ್ಟು ಬೆಳಕನ್ನು ತಿನ್ನುತ್ತದೆ ಎಂಬುದು ಒಂದೇ ದಿನದಲ್ಲಿ ಮನದಟ್ಟಾಗುತ್ತದೆ. ಆಮೇಲೆ ಆತ ಸ್ಪ್ರೇ ಡಬ್ಬಿಯನ್ನು ನಂಬಿ ಚಿತ್ರ ಕೆಡಿಸಿಕೊಳ್ಳುವುದಿಲ್ಲ, ಕಾಗದ ಆರಿಸುವಾಗ ಬೆರಳಿನಿಂದ ಮುಟ್ಟಿ ನೋಡುತ್ತಾನೆ, ಕೊನೆಯ ಗೀಟು ಎಳೆದ ಮೇಲೆ ಕೈ ತಡೆಯುತ್ತಾನೆ. ಪೇಸ್ಟಲ್ ಉಳಿಯುವುದು ಈ ಮೂರು ಅಭ್ಯಾಸಗಳಿಂದ. ಅವನ್ನು ಕಲಿಸಲು ನಮ್ಮಲ್ಲಿ ಮಣ್ಣೂ ಇದೆ, ಗೋಂದೂ ಇದೆ. ಪಠ್ಯಕ್ರಮದಲ್ಲಿ ಜಾಗ ಕೊಡುವುದೊಂದು ಬಾಕಿ.